ಹೊದಿಕೆ ಬೆಳೆಯ ಮಿಶ್ರ ಬೀಜ: ಬೀಜ ಚೆನ್ನಾಗಿದೆ, ಚೀಲದ ಮೇಲಿನ ಅಂಕಿ ನಂಬಬೇಡಿ

ತಗೊಳ್ಳಬಹುದಾ ಅಂತ ಕೇಳುವವರಿಗೆ ಮೊದಲೇ ಹೇಳುತ್ತೇನೆ. ತಗೊಳ್ಳಿ. ಆದರೆ ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ‘ಒಂದೇ ಹಂಗಾಮಿನಲ್ಲಿ ಹೆಕ್ಟೇರಿಗೆ 2 ಟನ್ ಇಂಗಾಲ ಮಣ್ಣಿಗೆ’ ಅಂತ ಹಾಕಿದ್ದಾರಲ್ಲ, ಆ ಮಾತಿಗೆ ಮರುಳಾಗಿ ತಗೊಳ್ಳಬೇಡಿ. ಹೊದಿಕೆ ಬೆಳೆ ಅಂದರೆ ಕೊಯ್ದು ಮಾರಲು ಅಲ್ಲ, ಮಣ್ಣನ್ನು ಮುಚ್ಚಿ ಕಾಪಾಡಲು ಹಾಕುವ ಬೆಳೆ. ಈ ಬೀಜ ಮಣ್ಣಿಗೆ ಮಾಡುವ ಉಪಕಾರ ನಿಜ. ಕೆಲವು ಹಂಗಾಮುಗಳಿಂದ ಎರಡು ಬೆಳೆಗಳ ನಡುವಿನ ಖಾಲಿ ಸಮಯದಲ್ಲಿ ಇದನ್ನು ಬಿತ್ತುತ್ತಿದ್ದೇನೆ, ಬಿಡುವ ಯೋಚನೆ ಇಲ್ಲ. ಆದರೆ ಆ 2 ಟನ್ ಲೆಕ್ಕ ತಪ್ಪು. ಯಾಕೆ ತಪ್ಪು ಅಂತ ಕೆಳಗೆ ಬಿಡಿಸಿ ಬರೆದಿದ್ದೇನೆ. ಕಂಪನಿ ಹೆಸರು ಬರೆಯುವುದಿಲ್ಲ. ಇದೇ ಥರದ ಚೀಲಗಳನ್ನು ಬೇರೆಯವರೂ ಮಾರುತ್ತಾರೆ, ಹಾಗಾಗಿ ಯಾವುದನ್ನು ಕೊಂಡರೂ ಈ ಮಾತುಗಳು ಉಪಯೋಗಕ್ಕೆ ಬರುತ್ತವೆ.

ಚೀಲದೊಳಗೆ ಏನಿದೆ ಅಂದರೆ ಸೆಣಬು (ಗೋಣಿಚೀಲದ ಸೆಣಬಲ್ಲ, ಹಸಿರೆಲೆ ಗೊಬ್ಬರದ ಅಪ್ಸೆಣಬು), ಅಲಸಂದೆ, ಸಜ್ಜೆ, ಸೂರ್ಯಕಾಂತಿ, ಮೂಲಂಗಿ. ಯಾವುದು ಎಷ್ಟು ಪಾಲು ಅಂತ ಎಲ್ಲೂ ಬರೆದಿಲ್ಲ. ಇದು ನನ್ನ ಮೊದಲ ದೂರು, ಸಣ್ಣ ದೂರಲ್ಲ. ಒಂದು ಹಿಡಿ ಬೀಜ ತಟ್ಟೆಯಲ್ಲಿ ಹರವಿ ಬೇರೆ ಬೇರೆ ಗುಡ್ಡೆ ಮಾಡಿ ತೂಗಿದೆ. ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ದ್ವಿದಳ ಬೀಜ, ಅಂದರೆ ಸೆಣಬು ಮತ್ತು ಅಲಸಂದೆ. ಆದರೆ ಸಜ್ಜೆ ಬೀಜ ತುಂಬಾ ಸಣ್ಣದು ಅಲ್ವಾ, ತೂಕದಲ್ಲಿ ಸ್ವಲ್ಪ ಇದ್ದರೂ ಎಣಿಕೆಯಲ್ಲಿ ಬಹಳ ಆಗುತ್ತದೆ. ಹೊಲದಲ್ಲಿ ಎದ್ದು ಕಾಣುವುದು ಅದೇ. ಕೊಳ್ಳುವವರಿಗೆ ಈ ಪಾಲು ಗೊತ್ತಿರಲೇಬೇಕು, ಏಕೆಂದರೆ ಯಾವ ಗಿಡ ಎಷ್ಟಿದೆ ಅನ್ನುವುದರ ಮೇಲೆ ಮುಂದಿನ ಬೆಳೆಗೆ ಗೊಬ್ಬರ ಸಿಗುತ್ತದಾ ಅಥವಾ ಇದ್ದ ಗೊಬ್ಬರವೂ ಕೈತಪ್ಪುತ್ತದಾ ಅನ್ನುವುದು ನಿಂತಿದೆ.

ಹೇಗೆ ಅಂತ ಹೇಳುತ್ತೇನೆ. ಮಣ್ಣಿನಲ್ಲಿ ಕಸಕಡ್ಡಿ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸುಮಾರು 24 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಬೇಕು. ಎಳೆಯ ಅಲಸಂದೆ, ಎಳೆಯ ಸೆಣಬಿನಲ್ಲಿ ಸಾರಜನಕ ಇದಕ್ಕಿಂತ ಹೆಚ್ಚೇ ಇರುತ್ತದೆ. ಹಾಗಾಗಿ ಬೇಗ ಕೊಳೆಯುತ್ತವೆ, ಉಳಿದ ಸಾರಜನಕ ಬೆಳೆಗೆ ಸಿಗುತ್ತದೆ. ಬಲಿತ ಸಜ್ಜೆಯ ದಂಟು, ಗೋಧಿ ಅಥವಾ ಭತ್ತದ ಹುಲ್ಲು ಹಾಗಲ್ಲ. ಅದರಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಅದನ್ನು ಮಣ್ಣಿಗೆ ಬೆರೆಸಿದ ತಕ್ಷಣ ಸೂಕ್ಷ್ಮಜೀವಿಗಳು ತಮಗೆ ಸಾಲದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಆಮೇಲೆ ಬಿತ್ತಿದ ಬೆಳೆ ಕೆಲವು ವಾರ ಹಳದಿಯಾಗಿ ನಿಲ್ಲುತ್ತದೆ. ‘ಹಸಿರೆಲೆ ಗೊಬ್ಬರ ಹಾಕಿದ ಮೇಲೆ ಬೆಳೆ ಸೊರಗಿತು’ ಅಂತ ಜನ ಹೇಳುವುದರ ಹಿಂದೆ ಹೆಚ್ಚಾಗಿ ಇದೇ ಕಾರಣ ಇರುತ್ತದೆ. ಹಾಗಂತ ಸಜ್ಜೆ ಬೇಡ ಅಂತಲ್ಲ. ಅದರ ಬೇರು ಜಡೆಯ ಹಾಗೆ ಮಣ್ಣನ್ನು ಹೆಣೆದು ಹಿಡಿಯುತ್ತದೆ. ಕೊಳೆಯುವುದು ನಿಧಾನ, ಹಾಗಾಗಿ ನೆಲದ ಮೇಲಿನ ಹೊದಿಕೆ ಬಹಳ ದಿನ ಉಳಿಯುತ್ತದೆ. ಎರಡೂ ಬೇಕು, ಅಳತೆಯಲ್ಲಿ ಬೇಕು. ಆ ಅಳತೆ ಬರೆಯದೇ ಬಿಟ್ಟಿದ್ದಾರೆ.

ಸೂರ್ಯಕಾಂತಿಯ ತಾಯಿಬೇರು ಆಳಕ್ಕೆ ಇಳಿದು ಕೆಳಗೆ ಜಾರಿ ಹೋದ ನೀರು, ಪೋಷಕಾಂಶ ಎರಡನ್ನೂ ಮೇಲೆತ್ತುತ್ತದೆ. ಮೂಲಂಗಿ ಗಟ್ಟಿ ಪದರ ಬಿರಿಯುವಂತೆ ಮಾಡುತ್ತದೆ ಅಂತ ಚೀಲದ ಜೊತೆ ಕೊಟ್ಟ ಕರಪತ್ರದಲ್ಲಿದೆ. ಒಂದು ಮಟ್ಟಿಗೆ ನಿಜ, ಆದರೆ ಮೂಲಂಗಿ, ಸಾಸಿವೆಯ ಜಾತಿಯ ಗಿಡಗಳು ಮೈಕೊರೈಜಾ ಶಿಲೀಂಧ್ರದ ಜೊತೆ ಕೂಡಿ ಬಾಳುವುದಿಲ್ಲ. ಬೇರಿಗೆ ರಂಜಕ ತಂದುಕೊಡುವ ಶಿಲೀಂಧ್ರ ಅದು. ಬರೀ ಮೂಲಂಗಿಯನ್ನೇ ಬೆಳೆದರೆ ಆ ಶಿಲೀಂಧ್ರಕ್ಕೆ ನೆಲೆ ಸಿಗುವುದಿಲ್ಲ. ಮಿಶ್ರಣದಲ್ಲಿ ಸ್ವಲ್ಪವೇ ಇರುವುದರಿಂದ ಇಲ್ಲಿ ತೊಂದರೆ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಸೆಣಬು. ಎರಡು ತಿಂಗಳೊಳಗೆ ಆಳೆತ್ತರ ಬೆಳೆಯುತ್ತದೆ, ಕಳೆಗೆ ಬಿಸಿಲೇ ಸಿಗದ ಹಾಗೆ ಮುಚ್ಚಿಬಿಡುತ್ತದೆ. ಚೆನ್ನಾಗಿ ಬಂದರೆ ಹೆಕ್ಟೇರಿಗೆ 100 ಕಿಲೋ ಆಸುಪಾಸು ಸಾರಜನಕ ಆ ಗಿಡದಲ್ಲಿ ಸೇರಿರುತ್ತದೆ. ಇನ್ನೊಂದು ಲಾಭವೂ ಇದೆ, ಇದನ್ನು ಚೀಲದವರು ಹೇಳೇ ಇಲ್ಲ. ತರಕಾರಿ ಬೆಳೆಯುವವರನ್ನು ಕಾಡುವ ಬೇರುಗಂಟು ಜಂತುಹುಳು ಸೆಣಬಿನ ಬೇರಿನಲ್ಲಿ ಸರಿಯಾಗಿ ವಂಶ ಬೆಳೆಸಲಾರದು. ಟೊಮೆಟೊ ಹಾಕುವ ಮೊದಲು ಸೆಣಬು ಹಾಕಿದರೆ ಆ ಕಾಟ ತಗ್ಗುತ್ತದೆ. ಆದರೆ ಅಲಸಂದೆಯ ಹಲವು ತಳಿಗಳಲ್ಲಿ ಅದೇ ಹುಳು ಚೆನ್ನಾಗಿ ಬೆಳೆಯುತ್ತದೆ, ಆದ್ದರಿಂದ ಆ ಸಮಸ್ಯೆ ಇರುವವರು ಈ ಮಿಶ್ರಣದ ಬದಲು ಸೆಣಬು ಒಂದನ್ನೇ ತಂದು ಹಾಕುವುದು ಒಳ್ಳೆಯದು.

ಬಿತ್ತನೆ ವಿಷಯಕ್ಕೆ ಬರೋಣ. ಬೇರೆ ಬೇರೆ ಗಾತ್ರದ ಬೀಜ ಒಂದೇ ಚೀಲದಲ್ಲಿದ್ದರೆ ಸಾಗಿಸುವಾಗಲೇ ಸಣ್ಣವು ತಳ ಸೇರುತ್ತವೆ. ಚೀಲ ಬಿಚ್ಚಿ ಹಾಗೇ ಎರಚಿದರೆ ಹೊಲದ ಒಂದು ಕಡೆ ಬರೀ ಅಲಸಂದೆ, ಇನ್ನೊಂದು ಕಡೆ ಬರೀ ಸಜ್ಜೆ. ಕೂರಿಗೆಗೆ ಹಾಕಿದರೂ ಇದೇ ಕಥೆ, ಅದು ಅಲುಗಾಡಿದಷ್ಟೂ ಬೀಜ ಬೇರೆಯಾಗುತ್ತದೆ. ಆಳವೂ ಹೊಂದುವುದಿಲ್ಲ. ಅಲಸಂದೆಗೆ 3-4 ಸೆಂಟಿಮೀಟರ್ ಬೇಕು, ಸಜ್ಜೆ ಅಷ್ಟು ಕೆಳಗೆ ಹೋದರೆ ಮೇಲೆ ಬರಲು ಒದ್ದಾಡುತ್ತದೆ. ಜರಡಿ ಹಿಡಿದು ದೊಡ್ಡ ಬೀಜ, ಸಣ್ಣ ಬೀಜ ಬೇರೆ ಮಾಡಿ. ದೊಡ್ಡವನ್ನು ಮೊದಲು ಕೂರಿಗೆಯಲ್ಲಿ ಬಿತ್ತಿ, ಸಣ್ಣವನ್ನು ಒಣ ಮರಳಿನ ಜೊತೆ ಬೆರೆಸಿ ಮೇಲೆ ಎರಚಿ ಹಗುರವಾಗಿ ಕುಂಟೆ ಎಳೆಯಿರಿ. ಕೆಲಸ ಜಾಸ್ತಿ, ನಿಜ. ಕಂಪನಿಯವರು ಚೀಲದೊಳಗೆ ಎರಡು ಪೊಟ್ಟಣ ಮಾಡಿದ್ದರೆ ಈ ಕಷ್ಟ ಇರುತ್ತಿರಲಿಲ್ಲ. ಮೊಳಕೆ ಮಾತ್ರ ಚೆನ್ನಾಗಿ ಬಂತು, ಅದರಲ್ಲಿ ಎರಡು ಮಾತಿಲ್ಲ.

ಇನ್ನೊಂದು ಕೊರತೆ ಅಂದರೆ ರೈಜೋಬಿಯಂ ಪೊಟ್ಟಣ ಕೊಟ್ಟಿಲ್ಲ. ದ್ವಿದಳ ಗಿಡ ತಾನಾಗಿ ಗಾಳಿಯ ಸಾರಜನಕ ಹಿಡಿಯುವುದಿಲ್ಲ, ಬೇರಿನ ಗಂಟುಗಳಲ್ಲಿ ಕೂರುವ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ ಹಿಡಿದುಕೊಡುತ್ತದೆ. ಅಲಸಂದೆ, ಸೆಣಬಿನಂಥ ಬೆಳೆ ಮೊದಲೇ ಬೆಳೆದ ಹೊಲದಲ್ಲಿ ಆ ಬ್ಯಾಕ್ಟೀರಿಯಾ ಇರುತ್ತದೆ. ಬಹಳ ವರ್ಷ ಒಂದೇ ಧಾನ್ಯ ಬೆಳೆದು ಬಂದ ಹೊಲದಲ್ಲಿ ಇಲ್ಲದಿರಬಹುದು. ತಿಳಿಯುವುದು ಸುಲಭ. ಗಿಡ ಒಂದು ತಿಂಗಳಿನದಾದಾಗ ಕಿತ್ತು ಎಳೆಯದೆ, ಗುದ್ದಲಿಯಲ್ಲಿ ಮಣ್ಣಿನ ಸಮೇತ ಎತ್ತಿ ನೀರಲ್ಲಿ ತೊಳೆಯಿರಿ. ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಹಾಗೆಯೇ ಈ ಬೆಳೆಗೆ ಯೂರಿಯಾ ಹಾಕಲೇಬೇಡಿ, ಮಣ್ಣಿನಲ್ಲಿ ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಈಗ ಕಡಿಯುವ ಕಾಲ. ಇಡೀ ಕೆಲಸದಲ್ಲಿ ಇದು ಬಹಳ ಮುಖ್ಯ, ಕರಪತ್ರದಲ್ಲಿ ಇದಕ್ಕೆ ಕೊಟ್ಟಿರುವುದು ಒಂದು ಸಾಲು ಮಾತ್ರ. ‘ಪೂರ್ತಿ ಬೆಳೆದ ಮೇಲೆ ಆಳವಾಗಿ ಉತ್ತು ಮುಚ್ಚಿ’ ಅಂತ. ಎರಡೂ ಸರಿಯಿಲ್ಲ. ಸೆಣಬಿನಲ್ಲಿ ಹೂವು ಕಾಣಿಸಿಕೊಳ್ಳುವ ಹೊತ್ತಿಗೆ ಕಡಿಯಬೇಕು. ತಡ ಮಾಡಿದರೆ ದಂಟು ನಾರಾಗುತ್ತದೆ, ನಾರಿಗೆಂದೇ ಬೆಳೆಯುವ ಗಿಡ ಅದು, ಆಮೇಲೆ ಕೊಳೆಯುವುದು ನಿಧಾನ, ರೋಟವೇಟರಿಗೆ ಸುತ್ತಿಕೊಂಡು ಬೇರೆ ಕಾಟ. ಸಜ್ಜೆ ಕಾಳು ಕಟ್ಟಲು ಬಿಟ್ಟರೆ ಮುಂದಿನ ಬೆಳೆಯಲ್ಲಿ ಅದೇ ಕಳೆ.

ಆಳ ಉಳುಮೆ ಯಾಕೆ ಬೇಡ ಅಂದರೆ, ಮಣ್ಣಿನಲ್ಲಿ ಬಹಳ ಕಾಲ ನಿಲ್ಲುವ ಇಂಗಾಲದಲ್ಲಿ ಬೇರಿನಿಂದ ಬಂದದ್ದರ ಪಾಲು ದೊಡ್ಡದು. ಬೇರು ಹೊಕ್ಕ ಜಾಗದಲ್ಲಿ ಮಣ್ಣಿನ ಕಣಗಳು ಉಂಡೆ ಕಟ್ಟುತ್ತವೆ, ಇಂಗಾಲ ಆ ಉಂಡೆಯೊಳಗೆ ಸಿಕ್ಕಿಕೊಂಡು ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಸಿಗುವುದಿಲ್ಲ. ಆಳವಾಗಿ ಉತ್ತರೆ ಆ ಉಂಡೆಗಳು ಒಡೆಯುತ್ತವೆ, ಗಾಳಿ ಹೊಗುತ್ತದೆ, ಸೇರಿದ್ದರಲ್ಲಿ ಒಂದಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಎರಡು ತಿಂಗಳು ಗಿಡ ಮಾಡಿದ ಕೆಲಸವನ್ನು ಒಂದು ದಿನದಲ್ಲಿ ಕೆಡಿಸಿದ ಹಾಗೆ. ನಾನು ಬುಡಕ್ಕೆ ಕಡಿದು ಅಲ್ಲೇ ನೆಲದ ಮೇಲೆ ಮಲಗಿಸುತ್ತೇನೆ, ಬೇರನ್ನು ಮುಟ್ಟುವುದಿಲ್ಲ. ಮುಂದಿನ ಬೆಳೆಯ ಸಾಲಿನಲ್ಲಷ್ಟೇ ಮಣ್ಣು ಬಿಡಿಸುತ್ತೇನೆ. ಹೀಗೆ ಮಾಡಿದರೆ ಎಲೆಯ ಸಾರಜನಕದಲ್ಲಿ ಸ್ವಲ್ಪ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಅದು ನಷ್ಟವೇ. ಆದರೆ ಮಳೆಯ ಹನಿ ನೇರ ಮಣ್ಣಿಗೆ ಬಡಿಯದಂತೆ ತಡೆಯುವ ಹೊದಿಕೆ ಸಿಗುತ್ತದೆ. ಬರಿಯ ನೆಲದ ಮೇಲೆ ಜೋರು ಮಳೆ ಬಿದ್ದರೆ ಮಣ್ಣು ಸಿಡಿದು, ರಂಧ್ರಗಳು ಮುಚ್ಚಿಕೊಂಡು, ಮೇಲೆ ಹೆಪ್ಪು ಕಟ್ಟಿ, ಆಮೇಲೆ ನೀರು ಇಂಗದೆ ಮೇಲ್ಮಣ್ಣನ್ನೇ ಹೊತ್ತು ಓಡುತ್ತದೆ. ಆ ನಷ್ಟದ ಮುಂದೆ ಅಮೋನಿಯಾ ನಷ್ಟ ಚಿಕ್ಕದು ಅನ್ನುವುದು ನನ್ನ ಲೆಕ್ಕ.

ಮಣ್ಣಿನಲ್ಲಿ ಏನಾದರೂ ಬದಲಾಗಿದೆಯಾ? ಕಣ್ಣಿಗೆ ಕಾಣುವುದು ಬದಲಾಗಿದೆ. ಹೊದಿಕೆ ಬೆಳೆ ಹಾಕಿದ ಜಾಗದ ಒಣ ಹೆಂಟೆ ಒಂದು, ಹಾಕದ ಜಾಗದ್ದು ಒಂದು, ಎರಡನ್ನೂ ಗಾಜಿನ ಲೋಟದ ನೀರಿನಲ್ಲಿ ಜಾಲರಿಯ ಮೇಲೆ ಇಟ್ಟು ನೋಡಿ. ಹಾಕದ ಜಾಗದ್ದು ನೋಡನೋಡುತ್ತಲೇ ಕರಗಿ ಕೆಳಗೆ ಕೆಸರಾಗುತ್ತದೆ. ಇನ್ನೊಂದು ಬಹಳ ಹೊತ್ತು ಗಟ್ಟಿಯಾಗಿ ನಿಲ್ಲುತ್ತದೆ. ತಳವಿಲ್ಲದ ಡಬ್ಬಿಯನ್ನು ನೆಲಕ್ಕೆ ಹೊಡೆದು ನೀರು ಹುಯ್ದರೆ ಹೊದಿಕೆ ಇದ್ದ ಕಡೆ ಬೇಗ ಇಂಗುತ್ತದೆ. ಎರೆಹುಳು ಮೇಲಕ್ಕೆ ಬಂದಿದೆ. ಮಧ್ಯಾಹ್ನದ ಬಿಸಿಲಲ್ಲಿ ಹೊದಿಕೆಯ ಕೆಳಗಿನ ಮಣ್ಣು ಮುಟ್ಟಿದರೆ ತಂಪು. ಪ್ರಯೋಗಾಲಯದ ವರದಿಯಲ್ಲಿ ಮಾತ್ರ ಸಾವಯವ ಇಂಗಾಲದ ಅಂಕಿ ಹೆಚ್ಚುಕಮ್ಮಿ ಅಲ್ಲೇ ನಿಂತಿದೆ.

ಇದರಲ್ಲಿ ಆಶ್ಚರ್ಯ ಇಲ್ಲ. ಚೀಲದ 2 ಟನ್ ಲೆಕ್ಕ ಕುಸಿಯುವುದು ಇಲ್ಲೇ. ಒಣ ಗಿಡದ ತೂಕದಲ್ಲಿ 40ರಿಂದ 45% ಇಂಗಾಲ. ಹೆಕ್ಟೇರಿಗೆ 5 ಟನ್ ಒಣ ಸೊಪ್ಪು ಬಂತು ಅಂದುಕೊಳ್ಳಿ, ಅದರಲ್ಲಿ 2 ಟನ್ ಚಿಲ್ಲರೆ ಇಂಗಾಲ. ಅದನ್ನೇ ‘ಮಣ್ಣಿಗೆ’ ಅಂತ ಬರೆದಂತಿದೆ. ಆದರೆ ಗಿಡ ಕೊಳೆಯುವುದು ಅಂದರೆ ಸೂಕ್ಷ್ಮಜೀವಿಗಳು ತಿಂದು ಉಸಿರು ಬಿಡುವುದು. ಒಂದು ವರ್ಷದೊಳಗೆ ಅದರ ಬಹುಪಾಲು ಗಾಳಿಗೆ ವಾಪಸ್ ಹೋಗುತ್ತದೆ. ಹೊದಿಕೆ ಬೆಳೆ ಬಗ್ಗೆ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳನ್ನು ಒಟ್ಟು ಹಾಕಿ 2015ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಅದರ ಪ್ರಕಾರ ಮಣ್ಣಿನಲ್ಲಿ ಹೆಚ್ಚಿದ್ದು ಸರಾಸರಿ ವರ್ಷಕ್ಕೆ ಹೆಕ್ಟೇರಿಗೆ 0.32 ಟನ್ ಇಂಗಾಲ. 2 ಟನ್ ಎಲ್ಲಿ, 0.32 ಎಲ್ಲಿ?

ಆ 0.32 ಟನ್ ಕೂಡ ಪರೀಕ್ಷೆಯಲ್ಲಿ ಕಾಣುವುದು ಕಷ್ಟ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 20 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ 320 ಕಿಲೋ ಅಂದರೆ 0.016%. ಒಂದೇ ಹೊಲದಲ್ಲಿ ಹತ್ತು ಹೆಜ್ಜೆ ಆಚೆ ಮಣ್ಣು ತೆಗೆದರೆ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ಹಾಗಾಗಿ ಒಂದು ಹಂಗಾಮು ಬಿತ್ತಿ ‘ಇಂಗಾಲ ಏರಿತು’ ಅಂತ ವರದಿ ತೋರಿಸುವವರನ್ನೂ ನಂಬಬೇಡಿ, ‘ಏರಲಿಲ್ಲ, ಇದು ದಂಡ’ ಅನ್ನುವವರನ್ನೂ ನಂಬಬೇಡಿ. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರ ರೊಥಾಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಪ್ರಯೋಗ ನಡೆಯುತ್ತಿದೆ. ಅಲ್ಲಿ ವರ್ಷವರ್ಷ ಕೊಟ್ಟಿಗೆ ಗೊಬ್ಬರ ಬಿದ್ದ ತಾಕಿನಲ್ಲಿ ಏನೂ ಹಾಕದ ತಾಕಿನ ಎರಡು ಪಟ್ಟಿಗೂ ಮೀರಿ ಇಂಗಾಲ ಇದೆ. ಆದರೆ ಅದು ದಶಕಗಳ ಕೆಲಸ, ಹಾಗೇ ಏರುತ್ತಾ ಹೋಗಲೂ ಇಲ್ಲ, ಒಂದು ಮಟ್ಟಕ್ಕೆ ಬಂದ ಮೇಲೆ ನಿಧಾನವಾಯಿತು. ಮಣ್ಣಿಗೆ ಹಾಕುವುದನ್ನು ನಿಲ್ಲಿಸಿದರೆ ಇಳಿಯುತ್ತದೆ ಅನ್ನುವುದೂ ಅಷ್ಟೇ ನಿಜ. ಒಂದು ಚೀಲ ಬೀಜದಿಂದ ಗಾಳಿಯ ಇಂಗಾಲ ಮಣ್ಣು ಸೇರಿ ಹವಾಮಾನ ಸರಿಹೋಗುತ್ತದೆ ಅಂತ ರೈತರಿಗೆ ಹೇಳುವುದು ನ್ಯಾಯವಲ್ಲ. ಹೇಳಿದ್ದು ಕಾಣದೆ ಹೋದಾಗ ಅವರು ಒಳ್ಳೆಯ ಪದ್ಧತಿಯನ್ನೇ ಕೈಬಿಡುತ್ತಾರೆ. ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ.

ಹವಾಮಾನಕ್ಕೆ ಲಾಭ ಇಲ್ಲವೇ ಇಲ್ಲ ಅಂತಲ್ಲ. ದೊಡ್ಡ ಲಾಭ ಇರುವುದು ಬೇರೆ ಕಡೆ, ಅದೂ ನಾವು ಮುಂದಿನ ಬೆಳೆಗೆ ಏನು ಮಾಡುತ್ತೇವೆ ಅನ್ನುವುದರ ಮೇಲೆ. ಮಣ್ಣಿಗೆ ಹಾಕಿದ ಸಾರಜನಕದಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. 100 ವರ್ಷದ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಬಿಸಿ ಹೆಚ್ಚಿಸುತ್ತದೆ. ಹವಾಮಾನ ಬದಲಾವಣೆ ಬಗ್ಗೆ ವರದಿ ಕೊಡುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ ಸಾಮಾನ್ಯ ಲೆಕ್ಕದಂತೆ ಸಾರಜನಕದ 1% ಹೀಗೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. 100 ಕಿಲೋ ಸಾರಜನಕ ಹಾಕಿದರೆ ಸುಮಾರು ಒಂದೂವರೆ ಕಿಲೋ ನೈಟ್ರಸ್ ಆಕ್ಸೈಡ್, ಅಂದರೆ 430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಯೂರಿಯಾ ತಯಾರಿಸಲು ಸುಟ್ಟ ನೈಸರ್ಗಿಕ ಅನಿಲ, ಕಲ್ಲಿದ್ದಲು ಇದರ ಮೇಲೆ ಬೇರೆ.

ಹೊದಿಕೆ ಬೆಳೆಯ ಸಾರಜನಕವೂ ಈ ಲೆಕ್ಕದಿಂದ ಹೊರಗಿಲ್ಲ. ಎಳೆಯ ಸೊಪ್ಪು ಹಸಿ ಮಣ್ಣಿನಲ್ಲಿ ಬೇಗ ಕೊಳೆತು, ಅದನ್ನು ಹೀರಲು ಬೆಳೆಯೇ ಇಲ್ಲದಿದ್ದರೆ ನೈಟ್ರಸ್ ಆಕ್ಸೈಡ್ ಇನ್ನೂ ಜಾಸ್ತಿ ಹೊರಬರುತ್ತದೆ. ಆದ್ದರಿಂದ ಕಡಿದ ಮೇಲೆ ಹೊಲವನ್ನು ತಿಂಗಳುಗಟ್ಟಲೆ ಸುಮ್ನೆ ಬಿಡಬೇಡಿ, ಒಂದೆರಡು ವಾರದಲ್ಲಿ ಮುಂದಿನ ಬೆಳೆ ನೆಲದಲ್ಲಿರಲಿ. ಯೂರಿಯಾವನ್ನೂ ಇಳಿಸಿ. ಮೊದಲು ಹಾಕುತ್ತಿದ್ದಷ್ಟೇ ಯೂರಿಯಾ ಹಾಕಿ, ಅದರ ಮೇಲೆ ಸೆಣಬಿನದ್ದನ್ನೂ ಸೇರಿಸಿದರೆ ಬೆಳೆ ಹೀರಲಾಗದ್ದೆಲ್ಲ ನೀರಿಗೆ, ಗಾಳಿಗೆ ಹೋಗುತ್ತದೆ. ನಾನು ಮೇಲುಗೊಬ್ಬರವನ್ನು ಮೊದಲು ಒಂದು ತುಂಡು ಜಾಗದಲ್ಲಿ ಇಳಿಸಿ, ಬೆಳೆಯ ಬಣ್ಣ ನೋಡಿಕೊಂಡು ಉಳಿದ ಕಡೆಗೂ ಇಳಿಸಿದೆ. ಇಳುವರಿ ಬಿದ್ದಿಲ್ಲ. ಗೊಬ್ಬರದ ಖರ್ಚು ಕಡಿಮೆಯಾಗಿದೆ, ಬೀಜದ ಖರ್ಚು ಅದರಲ್ಲೇ ಹೊರಡುತ್ತಿದೆ. ಕರಪತ್ರದಲ್ಲಿ ಯೂರಿಯಾ ಇಳಿಸಿ ಅನ್ನುವ ಒಂದು ಮಾತೂ ಇಲ್ಲ.

ಭತ್ತ ಬೆಳೆಯುವವರು ಇದನ್ನು ಸ್ವಲ್ಪ ಗಮನವಿಟ್ಟು ಓದಿ. ನೀರು ನಿಂತ ಗದ್ದೆಯಲ್ಲಿ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿನ ಸೊಪ್ಪು, ಹುಲ್ಲನ್ನು ತಿಂದು ಮೀಥೇನ್ ಬಿಡುತ್ತವೆ, ಇದೂ ಬಿಸಿ ಹೆಚ್ಚಿಸುವ ಅನಿಲವೇ. ಹೊದಿಕೆ ಬೆಳೆಯನ್ನು ಕೆಸರಿಗೆ ತುಳಿದು ತಕ್ಷಣ ನೀರು ಕಟ್ಟಿದರೆ ಅವುಗಳಿಗೆ ಹಬ್ಬದೂಟ ಹಾಕಿದಂತೆಯೇ ಆಯಿತು, ಮೀಥೇನ್ ಏರುತ್ತದೆ. ಭತ್ತ ನಾಟಿಗೆ ಸಾಕಷ್ಟು ಮೊದಲೇ ಒಣ ನೆಲದಲ್ಲಿ ಕೊಳೆಯಲು ಬಿಟ್ಟರೆ ಒಳ್ಳೆಯದು, ಆದರೆ ತೀರ ಬೇಗ ಮಾಡಿದರೆ ಸಾರಜನಕ ಕಳೆದುಹೋಗುತ್ತದೆ, ಈ ಎರಡರ ನಡುವೆ ದಾರಿ ಹುಡುಕಬೇಕು. ಆಮೇಲೆ ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ, ತೂತು ಕೊರೆದ ಪೈಪ್ ಹೂತು, ನೀರಿನ ಮಟ್ಟ ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ನೀರು ಬಿಡುವ ಪದ್ಧತಿ ಇದೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದನ್ನು ಬೆಳೆಸಿ ಹರಡಿತು. ಸರಿಯಾಗಿ ಮಾಡಿದರೆ ಮೀಥೇನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ, ನೀರೂ ಉಳಿಯುತ್ತದೆ. ಹೂ ಬಿಡುವ ಕಾಲದಲ್ಲಿ ಮಾತ್ರ ಒಣಗಲು ಬಿಡಬಾರದು. ಗದ್ದೆಗೂ ಈ ಬೀಜ ಹಾಕಿ ಅಂತ ಮಾರುವವರು ಇಷ್ಟನ್ನಾದರೂ ಹೇಳಬೇಕಿತ್ತು.

ಯಾರು ತಗೊಳ್ಳಬಾರದು? ಮಳೆ ಕಡಿಮೆ ಇದ್ದು ಮುಂದಿನ ಬೆಳೆ ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ನಿಂತಿದ್ದರೆ ಈ ಎತ್ತರದ ಮಿಶ್ರಣ ಬೇಡ. ಸಜ್ಜೆ, ಸೂರ್ಯಕಾಂತಿ ಸೇರಿ ಆ ತೇವವನ್ನು ಹೀರಿಬಿಡುತ್ತವೆ. ಅಂಥ ಕಡೆ ಕೂಳೆಯನ್ನು ಸುಡದೆ ಹೊಲದ ಮೇಲೇ ಹರಡುವುದು ಇದಕ್ಕಿಂತ ಒಳ್ಳೆಯ ಕೆಲಸ. ಹಾಕಲೇಬೇಕು ಅಂದರೆ ಬೇಗ ಮುಗಿಯುವ ಅಲಸಂದೆ ಒಂದನ್ನೇ ಹಾಕಿ ಬೇಗ ಕಡಿಯಿರಿ. ದನಕರುಗಳಿಗೆ ಮೇವಿಗೂ ಆಗುತ್ತದೆ ಅಂತ ಅಂಗಡಿಯಲ್ಲಿ ಹೇಳಿದರೆ ಒಪ್ಪಬೇಡಿ, ಸೆಣಬಿನ ಬೀಜ ಜಾಸ್ತಿ ಹೊಟ್ಟೆಗೆ ಹೋದರೆ ಜಾನುವಾರಿಗೆ ವಿಷ. ಮೇವು ಬೇಕಾದವರು ಸೆಣಬು ಇಲ್ಲದ ಮಿಶ್ರಣ ನೋಡಿ.

ಬೀಜದ ಪಾಲು ಕೇಳಿ ಚೀಲದ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಮಾತಾಡಿದವರು ವಿನಯವಾಗಿಯೇ ಮಾತಾಡಿದರು, ಆದರೆ ‘ಅದು ಕಂಪನಿಯ ಗುಟ್ಟು’ ಅಂದರು. 2 ಟನ್ ಅಂಕಿ ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಬಿತ್ತುವವನಿಗೆ ಬೀಜದ ಪಾಲು ಗುಟ್ಟಾಗಿರಬಾರದು. ಅದಕ್ಕೇ ಬರುವ ಹಂಗಾಮಿಗೆ ಬಿಡಿ ಬೀಜ ತಂದು ನಾನೇ ಬೆರೆಸಲಿದ್ದೇನೆ. ಸೆಣಬು, ಅಲಸಂದೆ ಸೇರಿ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು, ಸಜ್ಜೆ ಸ್ವಲ್ಪ, ಸೂರ್ಯಕಾಂತಿ ಇನ್ನೂ ಸ್ವಲ್ಪ, ಮೂಲಂಗಿ ಬೇಡ. ಬಿಡಿ ಬೀಜ ಸಿಗದವರು ಈ ಚೀಲವನ್ನೇ ತಗೊಳ್ಳಿ, ಜರಡಿ ಹಿಡಿದು ಸಜ್ಜೆಯಲ್ಲಿ ಅರ್ಧ ತೆಗೆದಿಟ್ಟು ಬಿತ್ತಿ, ರೈಜೋಬಿಯಂ ಪೊಟ್ಟಣ ಬೇರೆ ತಂದು ದ್ವಿದಳ ಬೀಜಕ್ಕೆ ಲೇಪಿಸಿ ನೆರಳಲ್ಲಿ ಆರಿಸಿಕೊಳ್ಳಿ.